ಬೇಸಿಗೆಯ ಹಳ್ಳದಲ್ಲಿ ಮರದ ಪಾಲು

ಮಾವಿನಗುಂಡಿಯಿಂದ ಗೇರುಸೊಪ್ಪೆಯ ಕಡೆಗೆ ಮಲೆಮನೆ ಘಟ್ಟ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಹೆದ್ದಾರಿಯಲ್ಲಿ ಹೋಗುವವರಿಗೆ ಅದು ನಾಲ್ಕಾರು ತಿರುವುಗಳ ತಂಪು, ಅಷ್ಟೇ. ರಸ್ತೆ ಬಿಟ್ಟು ಕೆಳಗಿಳಿದರೆ ಶರಾವತಿಗೆ ಸೇರುವ ಸಣ್ಣ ಹಳ್ಳಗಳಿವೆ, ಹಳ್ಳದ ಅಕ್ಕಪಕ್ಕ ವರ್ಷವಿಡೀ ಕೆಸರು ಆರದ ಜಡ್ಡಿಗಳಿವೆ. ಅಂಥ ಜಡ್ಡಿಯಲ್ಲಿ ನಿಂತಿದ್ದ ಒಂದು ದೊಡ್ಡ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಹೆಸರು ಬಂದದ್ದು 2000ದಲ್ಲಿ. ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಅದನ್ನು ಗೇರಿನ ಬಳಗದ ಹೊಸ ಜಾತಿಯೆಂದು ವಿವರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಈ ಸೀಮೆ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕಾಲದಿಂದ ಇನ್ನೂರು ವರ್ಷ ಸಸ್ಯ ಸಂಗ್ರಹಕಾರರು ಓಡಾಡಿದ ಜಿಲ್ಲೆಯಲ್ಲಿ ಮರವೊಂದು ಅಷ್ಟು ದಿನ ಹೆಸರಿಲ್ಲದೆ ನಿಂತಿತ್ತು. ಅದಿರುವುದೇ ಉತ್ತರ ಕನ್ನಡದ ಕೆಲವೇ ಜಡ್ಡಿಗಳಲ್ಲಿ. ಬಲಿತ ಮರಗಳನ್ನು ಒಂದೊಂದಾಗಿ ಎಣಿಸಿ ಮುಗಿಸಬಹುದು. ಅಳಿವಿನ ಅಂಚಿಗೆ ತೀರ ಹತ್ತಿರ ಬಂದ ಮರವೆಂದು ಬಲ್ಲವರು ಗುರುತಿಸಿದ್ದಾರೆ.

ಇಂಥ ಮರವನ್ನು ಉಳಿಸುವ ಮಾತು ಬಂದ ಕೂಡಲೇ ನಮಗೆ ಹೊಳೆಯುವುದು ಎರಡು ದಾರಿ. ಒಂದೋ ಗಡಿ ಗುರುತಿಸಿ ಅಭಯಾರಣ್ಯ ಎನ್ನುವುದು, ಇಲ್ಲವೇ ಸಸಿ ಮಾಡಿ ನೆಡುವುದು. ಎರಡೂ ಬೇಕು, ಎರಡೂ ಸ್ವಲ್ಪಮಟ್ಟಿಗೆ ಆಗಿವೆ. ಆದರೆ ಈ ಮರದ ಉಳಿವು ತೀರ್ಮಾನವಾಗುವುದು ಮಾರ್ಚ್‌ನಿಂದ ಮೇ ತನಕ ಹಳ್ಳದಲ್ಲಿ ಹರಿಯುವ ನೀರಿನಿಂದ ಎಂಬುದು ನನ್ನ ದೃಢ ನಂಬಿಕೆ. ಆ ಮೂರು ತಿಂಗಳ ನೀರು ಮೊದಲು ಜಡ್ಡಿಯ ಮೂಲಕ ಹಾದು, ಆಮೇಲೆ ತೋಟಕ್ಕೆ ಹೋಗುವ ಸರದಿ ನಿಲ್ಲದಿದ್ದರೆ ಬೇಲಿಯೂ ಸಸಿಯೂ ಏನೂ ಮಾಡಲಾರವು.

ಯಾಕೆಂದು ತಿಳಿಯಲು ಜಡ್ಡಿಯನ್ನು ಸರಿಯಾಗಿ ನೋಡಬೇಕು. ಅದು ನೀರು ನಿಂತು ಕೊಳೆಯುವ ಹೊಂಡವಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆ ತುಸು ಅಗಲವಾಗಿ ಸಮತಟ್ಟಾದ ಕಡೆ ಹಳ್ಳ ವೇಗ ಕಳೆದುಕೊಂಡು ಹರಡಿಕೊಳ್ಳುತ್ತದೆ. ಗುಡ್ಡದ ಬುಡದ ಒರತೆಗಳು ಅದಕ್ಕೆ ಸೇರುತ್ತವೆ. ಮೇಲಿಂದ ಬಂದ ಮೆಕ್ಕಲು, ಮರಗಳೇ ಉದುರಿಸಿದ ಎಲೆ, ಎಲ್ಲ ಕೂಡಿ ಕಪ್ಪು ಮಣ್ಣಾಗಿ ಸದಾ ತೊಯ್ದಿರುತ್ತವೆ. ಹಾಗೆ ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಸಾಮಾನ್ಯ ಮರಗಳು ಅಲ್ಲಿ ಬದುಕಲಾರವು. ಬದುಕಿದವು ತಮ್ಮದೇ ಉಪಾಯ ಕಂಡುಕೊಂಡಿವೆ. ಪಿಂಡಿ ಮರದ ಬೇರು ಕೆಸರಿನಿಂದ ಮೇಲೆದ್ದು, ಮಂಡಿ ಮಡಿಸಿದ ಹಾಗೆ ಬಾಗಿ, ಗಾಳಿ ಕುಡಿದು ಮತ್ತೆ ಕೆಸರಿಗೆ ಇಳಿಯುತ್ತದೆ. ಅದರ ನೆಂಟನಾದ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದಿಂದಲೇ ಬೇರುಗಳನ್ನು ಊರುಗೋಲಿನಂತೆ ಸುತ್ತಲೂ ಇಳಿಬಿಡುತ್ತದೆ. ಇವೆರಡೂ ಜಾಜಿಕಾಯಿಯ, ರಾಮಪತ್ರೆಯ ಕುಟುಂಬದವು. ಹೂಬಿಡುವ ಸಸ್ಯಗಳಲ್ಲಿ ಬಹಳ ಹಳೆಯ ಕುಟುಂಬ ಅದು. ನಮ್ಮ ಕಡೆ ಈ ಮರಗಳಿರುವ ಜಡ್ಡಿಗಳನ್ನೆಲ್ಲ ಒಟ್ಟಾಗಿ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕತ್ತಲೆಕಾನಿನ ಗೇರುಜಾತಿಯ ಮರ ಬೆಳೆಯುವುದು ಈ ರಾಮಪತ್ರೆ ಬಳಗದ ಮರಗಳ ನಡುವೆಯೇ.

ಕಾಡಿನ ಪುಸ್ತಕಗಳಿಗೆ ಈ ಜಡ್ಡಿಗಳು ತಡವಾಗಿ ಬಂದವು. ತಿರುವಾಂಕೂರಿನ ಕಡೆಯಿಂದ ಕೃಷ್ಣಮೂರ್ತಿಯವರು ಇವುಗಳ ಬಗ್ಗೆ ಬರೆದದ್ದು 1960ರಲ್ಲಿ. ಚಾಂಪಿಯನ್ ಮತ್ತು ಸೇಠ್ ಭಾರತದ ಕಾಡುಗಳ ವರ್ಗೀಕರಣದಲ್ಲಿ ಇವಕ್ಕೆ ಪ್ರತ್ಯೇಕ ಜಾಗ ಕೊಟ್ಟದ್ದು 1968ರಲ್ಲಿ. ಉತ್ತರ ಕನ್ನಡದ ಜಡ್ಡಿಗಳನ್ನು ಎಂ.ಡಿ. ಸುಭಾಶ್ಚಂದ್ರನ್ ಮತ್ತು ಸಂಗಡಿಗರು ಹುಡುಕಿ ದಾಖಲಿಸುವ ಹೊತ್ತಿಗೆ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ ಶರಾವತಿಯ ಕಣಿವೆಗಳಲ್ಲಿ ನೀರು ನಿಂತದ್ದು 1964ರಲ್ಲಿ. ಮುಳುಗುವ ಕಣಿವೆಗಳಲ್ಲಿ ಜಡ್ಡಿ ಎಷ್ಟಿವೆ ಎಂದು ಕೇಳುವ ಕಣ್ಣು ಆಗ ಯಾರಿಗೂ ಇರಲಿಲ್ಲ. ನಮಗೆ ಈಗ ಆ ಕಣ್ಣು ಇದೆ, ಆದ್ದರಿಂದ ಹೊಣೆಯೂ ನಮ್ಮದು.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಪಶ್ಚಿಮ ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಮಳೆಯಿಲ್ಲದ ತಿಂಗಳುಗಳು ಹೆಚ್ಚುತ್ತ ಹೋಗುತ್ತವೆ. ಕೇರಳದ ತೆಂಕಣ ತುದಿಯಲ್ಲಿ ಎರಡು-ಮೂರು ತಿಂಗಳ ಒಣಹವೆಯಾದರೆ ನಮ್ಮ ಶಿರಸಿ-ಸಿದ್ದಾಪುರದಲ್ಲಿ ಆರು ತಿಂಗಳು. ಇಷ್ಟು ದೀರ್ಘ ಬೇಸಿಗೆಯನ್ನು ತಾಳಲಾರದ ನಿತ್ಯಹರಿದ್ವರ್ಣದ ಮರಗಳು ಇಲ್ಲಿ ಇರಲೇಬಾರದಿತ್ತು. ಆದರೂ ಮಧುಕಾ ಬೋರ್ಡಿಲೋನಿ, ಸಿಜಿಜಿಯಂ ಟ್ರಾವಂಕೋರಿಕಂ ಎಂಬ ಎರಡು ಅಪರೂಪದ ಮರಗಳು ಕತ್ತಲೆಕಾನಿನ ಆಸುಪಾಸಿನಲ್ಲಿ ಸಿಕ್ಕವು. ಮೊದಲನೆಯದು ಹಿಪ್ಪೆಯ ಬಳಗದ್ದು, ಎರಡನೆಯದು ನೇರಳೆಯ ಬಳಗದ್ದು. ಇವು ಕೇರಳದ ದಕ್ಷಿಣ ಭಾಗದಲ್ಲಿ ಮಾತ್ರ ಇವೆಯೆಂದು ಅದುವರೆಗೆ ತಿಳಿಯಲಾಗಿತ್ತು. ಇಲ್ಲಿ ಅವುಗಳನ್ನು ಕಾಪಾಡಿದ್ದು ಮಳೆಯಲ್ಲ, ಬೇಸಿಗೆಯಲ್ಲೂ ಬತ್ತದ ಹಳ್ಳ. ಸುತ್ತಲಿನ ಗುಡ್ಡ ಒಣಗಿದಾಗಲೂ ಆ ಕಿರಿದಾದ ಪಟ್ಟಿಯಲ್ಲಿ ತೇವ ಉಳಿದ ಕಾರಣ ಬಹು ಹಿಂದಿನ ಕಾಡಿನ ತುಣುಕೊಂದು ಉಳಿದುಕೊಂಡಿತು. ಹಾಗಾಗಿ ಹಳ್ಳದ ಬೇಸಿಗೆ ನೀರು ಈ ಮರಗಳಿಗೆ ಇದ್ದರೆ ಒಳ್ಳೆಯದು ಎನ್ನುವಂಥದ್ದಲ್ಲ, ಅವು ಇಲ್ಲಿ ಇರುವುದಕ್ಕೆ ಅದೊಂದೇ ಕಾರಣ.

ಹೊಳೆದಂಡೆ ಕೊಟ್ಟ ಆಸರೆಗೆ ಇನ್ನೊಂದು ಸಾಕ್ಷಿಯೂ ನಮ್ಮ ಕರಾವಳಿಯಲ್ಲೇ ಇದೆ. ಹಿಪ್ಪೆಯ ಬಳಗದ ಮಧುಕಾ ಇನ್ಸಿಗ್ನಿಸ್ ಅಳಿದೇಹೋಗಿದೆ ಎಂದು 1998ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರೆದಾಗಿತ್ತು. ಆಮೇಲೆ ಅದು ಮತ್ತೆ ಕಂಡದ್ದು ಹೊಳೆಯ ದಂಡೆಯಲ್ಲಿ.

ಈಗ ಸಸಿಯ ಮಾತಿಗೆ ಬರೋಣ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಗೇರುಜಾತಿಯ ಮರದ ಬೀಜ ತಂದು ಸಸಿ ಬೆಳೆಸಿ, ಅರಣ್ಯ ಇಲಾಖೆಯ ಜತೆ ಸೇರಿ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. ಇದು ತಾಳ್ಮೆಯ, ಗೌರವಕ್ಕೆ ಅರ್ಹವಾದ ಕೆಲಸ. ಜಡ್ಡಿಯ ಮರಗಳ ಬೀಜವನ್ನು ಭತ್ತದ ಹಾಗೆ ಒಣಗಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ತೇವ ಆರಿದರೆ ಬೀಜ ಸತ್ತಿತು. ಹೀಗಾಗಿ ಬೀಜ ಬ್ಯಾಂಕಿನಲ್ಲಿಟ್ಟು ಮುಂದೆಂದೋ ಬಿತ್ತೋಣ ಎನ್ನುವ ಆಯ್ಕೆಯೇ ಇಲ್ಲ. ಬಿದ್ದ ಬೀಜವನ್ನು ಬೇಗ ಆಯ್ದು, ಒದ್ದೆಯಲ್ಲೇ ಮೊಳಕೆಯೊಡೆಸಿ, ನೆರಳಿನಲ್ಲಿ ಬೆಳೆಸಬೇಕು. ಇದನ್ನು ಮಾಡಿ ತೋರಿಸಿದವರು ಒಂದು ಬಾಗಿಲು ತೆರೆದಿದ್ದಾರೆ.

ಆದರೆ ನೆಟ್ಟ ಸಸಿಯ ಲೆಕ್ಕವೇ ಉಳಿದ ಮರದ ಲೆಕ್ಕವಲ್ಲ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಜಡ್ಡಿಯಲ್ಲಿ ಹತ್ತು ಮರ ಇವೆ ಎಂದರೆ ಹತ್ತೂ ಬೀಜ ಬಿಡುತ್ತವೆ ಎಂದಲ್ಲ. ಹೆಣ್ಣುಗಳ ಹತ್ತಿರ ಗಂಡು ಇದೆಯೇ, ಹೂವಿನ ಹೊತ್ತು ಹೊಂದುತ್ತದೆಯೇ, ಪರಾಗ ಒಯ್ಯುವ ಕೀಟಗಳು ಉಳಿದಿವೆಯೇ ಎಂಬುದೆಲ್ಲ ಸೇರಿ ಫಲ ಆಗಬೇಕು. ಎಳೆ ಸಸಿಯನ್ನು ನೋಡಿ ಇದು ಗಂಡೋ ಹೆಣ್ಣೋ ಎಂದು ಹೇಳಲಾಗದು, ಹೂಬಿಡುವ ವಯಸ್ಸಿನ ತನಕ ಕಾಯಬೇಕು. ಸುಲಭವಾಗಿ ಕೈಗೆಟುಕುವ ಒಂದೆರಡು ತಾಯಿಮರಗಳ ಬೀಜವನ್ನೇ ತಂದು ಸಾವಿರ ಸಸಿ ಮಾಡಿದರೆ ಅವೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಮುಂದಿನ ತಲೆಮಾರಿಗೆ ಅದು ಬಲ ಅಲ್ಲ. ಬೇರೆ ಬೇರೆ ಜಡ್ಡಿಗಳ ಬೀಜ ಬೆರೆಯಬೇಕು. ಆ ಕೆಲಸವನ್ನು ಹಿಂದೆ ಕಾಡಿನ ಪ್ರಾಣಿಪಕ್ಷಿಗಳು ಮಾಡುತ್ತಿದ್ದವು: ರಾಮಪತ್ರೆಯ ಬಳಗದ ಕಾಯಿ ಒಡೆದು ಕೆಂಪು ಪತ್ರೆ ಕಾಣಿಸಿದರೆ ಮಂಗಟ್ಟೆ ಹಕ್ಕಿ ಎಲ್ಲಿಂದಲೋ ಹಾರಿ ಬಂದು ನುಂಗಿ, ಬೀಜವನ್ನು ಇನ್ನೊಂದು ಕಣಿವೆಯಲ್ಲಿ ಉಗುಳುತ್ತದೆ. ಕಣಿವೆಯಿಂದ ಕಣಿವೆಗೆ ಮರಗಳ ಮೇಲಿನ ದಾರಿ ಕಡಿದರೆ, ಹಣ್ಣು ತಿಂದು ಬೀಜ ಹರಡುವ ಸಿಂಗಳೀಕ ಅತ್ತ ಹೋಗುವುದೇ ಇಲ್ಲ. ನೆಡುವವರು ಎಷ್ಟೇ ಶ್ರದ್ಧೆಯಿಂದ ನೆಟ್ಟರೂ ಇಷ್ಟೆಲ್ಲವನ್ನು ಕೈಯಿಂದ ಮಾಡಿ ಮುಗಿಸಲಾಗದು. ಮತ್ತು ಇದೆಲ್ಲಕ್ಕೂ ಮೊದಲು, ನೆಟ್ಟ ಸಸಿಗೆ ಮೊದಲ ಕೆಲವು ಬೇಸಿಗೆಗಳಲ್ಲಿ ಕೆಸರು ಆರದ ನೆಲ ಬೇಕು.

ಆ ನೆಲ ಆರುತ್ತಿರುವುದು ಹೇಗೆ? ಇಲ್ಲಿ ಹಳೆಯ ಲೆಕ್ಕವೊಂದನ್ನು ತೆಗೆಯಬೇಕು. ಕಾನು ಎಂದರೆ ಊರಿನವರೇ ಕಾಪಾಡಿಕೊಂಡ ಕಾಡಾಗಿತ್ತು. ದೇವರ ಹೆಸರಿನಲ್ಲಿ ಕಡಿಯದೆ ಬಿಟ್ಟ ಜಾಗ, ಮರಗಳಿಗೆ ಹಬ್ಬಿದ ಕಾಳುಮೆಣಸು ಕೊಯ್ಯುವ ಜಾಗ, ಕೆಳಗಿನ ಗದ್ದೆ-ತೋಟಕ್ಕೆ ನೀರು ಹೊರಡುವ ಜಾಗ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಆಸ್ತಿ ಎಂದು ಜನ ಹೇಳುವುದನ್ನೂ ಮರ ಕಡಿಯಲು ಊರಗೌಡನ ಅಪ್ಪಣೆ ಬೇಕೆಂಬುದನ್ನೂ ಬರೆದಿಟ್ಟಿದ್ದಾನೆ. ಬ್ರಿಟಿಷ್ ಆಡಳಿತದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬ ಸೀಮೆಯೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದರು. ಆಮೇಲೆ ಕಾಡು ಸರ್ಕಾರದ್ದಾಯಿತು, ಮೆಣಸಿನ ಕಾನುಗಳ ಮೇಲಿನ ಊರಿನ ಹಿಡಿತ ಸಡಿಲವಾಯಿತು. ಸ್ವಾತಂತ್ರ್ಯದ ನಂತರ ಪ್ಲೈವುಡ್, ರೈಲ್ವೆ ಸ್ಲೀಪರ್ ಎಂದು ನಿತ್ಯಹರಿದ್ವರ್ಣದ ಕಾಡಿಗೆ ಕೊಡಲಿ ಬಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತದ್ದು ಆ ಕೊಡಲಿಯ ವಿರುದ್ಧ. ಅಪ್ಪಿಕೋ ಚಳವಳಿ ಗೆದ್ದಿತು. ಹಸಿರು ಮರ ಕಡಿಯುವುದು ನಿಂತಿತು.

ಆ ಗೆಲುವಿನ ನೆನಪು ನಮ್ಮನ್ನು ಒಂದು ರೀತಿಯಲ್ಲಿ ಕಟ್ಟಿಹಾಕಿದೆ ಎಂದು ನನಗನ್ನಿಸುತ್ತದೆ. ಕಾಡಿಗೆ ಬರುವ ಕೇಡನ್ನು ನಾವು ಕೊಡಲಿಯ ಸದ್ದಿನಲ್ಲೇ ಗುರುತಿಸುತ್ತೇವೆ. ಪೈಪಿಗೆ ಸದ್ದಿಲ್ಲ. ಹಳ್ಳದ ಮೇಲ್ಭಾಗದಲ್ಲಿ, ಜಡ್ಡಿಗಿಂತ ಎತ್ತರದಲ್ಲಿ ಸಣ್ಣ ಕಟ್ಟು ಹಾಕಿ ಪೈಪ್ ಇಟ್ಟರೆ ಕರೆಂಟಿನ ಹಂಗಿಲ್ಲದೆ ಅಬ್ಬಿ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿದ್ದಷ್ಟು ನೀರು ಮನೆಗೂ ತೋಟದ ಒಂದು ಮೂಲೆಗೂ ಸಾಕಾಗುತ್ತಿತ್ತು. ಈಗ ಎರಡಿಂಚಿನ ಪೈಪು, ಸ್ಪ್ರಿಂಕ್ಲರ್, ಗದ್ದೆಯನ್ನೂ ತೋಟ ಮಾಡಿದ ವಿಸ್ತಾರ, ಅದರ ಮೇಲೆ ಬೋರ್‌ವೆಲ್. ಏಪ್ರಿಲ್ ಹೊತ್ತಿಗೆ ಜಡ್ಡಿಗೆ ತಲುಪುವ ನೀರು ನಿಂತಿರುತ್ತದೆ. ಇನ್ನೊಂದೆಡೆ, ಜಡ್ಡಿಯ ನಡುವೆ ಬಸಿಗಾಲುವೆ ತೋಡಿದರೆ ಸಾಕು, ಎರಡು-ಮೂರು ವರ್ಷದಲ್ಲಿ ಅದು ಅಡಿಕೆ ಹಾಕಲು ಹದವಾದ ನೆಲ. ಒಂದೂ ಮರ ಕಡಿಯಬೇಕಾಗಿಲ್ಲ. ದೊಡ್ಡ ಮರಗಳು ಆಳದ ತೇವ ಹೀರಿ ಇನ್ನೂ ಬಹಳ ಕಾಲ ನಿಂತಿರುತ್ತವೆ. ನೋಡಿದವರು ಮರ ಇದೆಯಲ್ಲ ಎನ್ನುತ್ತಾರೆ. ಕೆಳಗೆ ನೋಡಿದರೆ ಸಸಿ ಇರುವುದಿಲ್ಲ, ಮೊಣಕಾಲೆತ್ತರದ ಗಿಡ ಇರುವುದಿಲ್ಲ. ಮಕ್ಕಳಿಲ್ಲದ ಮನೆಯಂತೆ ಆ ಕಾಡು ಈಗಿನ ತಲೆಮಾರಿಗೇ ಮುಗಿಯುತ್ತದೆ.

ಇದನ್ನು ಬರೆಯುವಾಗ ತೋಟದವರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ, ಅದು ನ್ಯಾಯವೂ ಅಲ್ಲ. ಮಲೆನಾಡಿನ ಅಡಿಕೆ ತೋಟ ಹುಟ್ಟಿದ್ದೇ ಇಂಥ ಕಣಿವೆಗಳಲ್ಲಿ. ಅಡಿಕೆ, ಏಲಕ್ಕಿ, ಮೆಣಸು ಕೇಳುವುದೂ ಜಡ್ಡಿಯ ಮರಗಳು ಕೇಳುವುದೂ ಹೆಚ್ಚುಕಡಿಮೆ ಒಂದನ್ನೇ: ನೆರಳು, ತಂಪು, ಆರದ ತೇವ. ಎಕರೆ ತೋಟಕ್ಕೆ ಎಂಟೊಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಈ ಜಿಲ್ಲೆಯಲ್ಲಿ ಬಂದದ್ದು, ತೋಟ ಕಾಡಿನ ಮೇಲೆ ನಿಂತಿದೆ ಎಂಬುದನ್ನು ಆಗಿನ ಆಡಳಿತವೂ ಒಪ್ಪಿದ್ದರಿಂದ. ಬೆಟ್ಟದ ದರಕು, ಸೊಪ್ಪು ತಂದವರಿಗೆ ಹಳ್ಳ ಯಾವ ತಿಂಗಳು ಸೊರಗುತ್ತದೆ ಎಂಬುದು ಇಲಾಖೆಯ ಯಾವ ಕಡತಕ್ಕಿಂತ ಚೆನ್ನಾಗಿ ಗೊತ್ತು. ಅವರನ್ನು ಹೊರಗಿಟ್ಟು ಮಾಡುವ ಯಾವ ಸಂರಕ್ಷಣೆಯೂ ಈ ಜಡ್ಡಿಗಳಲ್ಲಿ ನಿಲ್ಲಲಾರದು.

ಅಭಯಾರಣ್ಯ ಆಯಿತಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ಕೂಡಿಸಿ 930 ಚದರ ಕಿಲೋಮೀಟರ್ ಮೀರಿದ ಶರಾವತಿ ಸಿಂಗಳೀಕ ಅಭಯಾರಣ್ಯವಾಯಿತು. ಒಳ್ಳೆಯದೇ ಆಯಿತು. ಆದರೆ ಅಭಯಾರಣ್ಯದ ಗಡಿ ಸರ್ವೆ ನಂಬರಿನ ಮೇಲೆ ಹೋಗುತ್ತದೆ, ನೀರು ಇಳಿಜಾರಿನ ಮೇಲೆ ಹೋಗುತ್ತದೆ. ಗಡಿಯ ಆಚೆ ಹುಟ್ಟಿ ಒಳಗೆ ಬರುವ ಹಳ್ಳ, ಒಳಗೆ ಹುಟ್ಟಿದರೂ ಮಧ್ಯದ ಮಾಲ್ಕಿ ಜಮೀನು ದಾಟಿ ಬರುವ ಹಳ್ಳ, ಇವೆರಡಕ್ಕೂ ಅಭಯಾರಣ್ಯದ ಫಲಕ ಏನೂ ಮಾಡದು. ಇನ್ನು ಅದೇ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಪ್ರಸ್ತಾಪ ಬಂದಿದೆ. ಗುಡ್ಡದೊಳಗೆ ಸುರಂಗ ಕೊರೆಯುವಾಗ ಒರತೆಗಳ ದಾರಿ ತಪ್ಪುವ ಅಪಾಯ ಇದ್ದೇ ಇರುತ್ತದೆ. ಕಡಿಯುವ ಮರಗಳ ಸಂಖ್ಯೆ ಹಿಡಿದು ನಡೆಯುವ ಚರ್ಚೆಯಲ್ಲಿ ಆ ಮಾತಿಗೆ ಜಾಗ ಸಿಗುವುದಿಲ್ಲ. ಎಲೆಮರೆಯ ಒಂದು ಒರತೆ ದಿಕ್ಕು ಬದಲಿಸಿದರೆ ಜಡ್ಡಿಯೊಂದು ಹೋಗುತ್ತದೆ; ಅದಕ್ಕೆ ಬದಲಿಯಾಗಿ ಎಲ್ಲಿ ಎಷ್ಟು ಗಿಡ ನೆಟ್ಟರೂ ಅದು ಬದಲಿಯಲ್ಲ. ಈ ಕಾರಣಕ್ಕೇ ಆ ಯೋಜನೆ ಅಲ್ಲಿ ಬೇಡ ಎನ್ನುವವರ ಜತೆ ನಾನಿದ್ದೇನೆ.

ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸವೂ ಇಲ್ಲಿ ಕೆಡುಕಾಗಬಹುದು. ಬೇಸಿಗೆಗೆ ನೀರು ನಿಲ್ಲಲಿ ಎಂದು ಜಡ್ಡಿಯ ಬಾಯಿಗೇ ಚೆಕ್ ಡ್ಯಾಂ ಕಟ್ಟಿದರೆ ನೀರು ಮೇಲೇರಿ ಗಾಳಿಗೆಂದು ಎದ್ದ ಬೇರುಗಳು ಮುಳುಗುತ್ತವೆ. ಒಣಗುವುದರಿಂದ ಸಾಯುವ ಮರ ಉಸಿರುಗಟ್ಟಿಯೂ ಸಾಯುತ್ತದೆ. ಇಂಗುಗುಂಡಿ ತೋಡುವುದಾದರೆ ಮೇಲಿನ ಗುಡ್ಡದಲ್ಲಿ, ಜಡ್ಡಿಯಿಂದ ದೂರದಲ್ಲಿ ತೋಡಬೇಕು.

ಈ ಮರದಿಂದ ಏನು ಉಪಯೋಗ ಎಂಬ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುತ್ತದೆ. ಮೋಪಿಗಲ್ಲ, ಮಾರುಕಟ್ಟೆಗಲ್ಲ. ನಾಳೆ ಇದರಲ್ಲಿ ಔಷಧಿ ಸಿಕ್ಕೀತು ಎಂದು ಆಸೆ ತೋರಿಸಿ ವಾದ ಗೆಲ್ಲುವುದು ನನಗೆ ಇಷ್ಟವಿಲ್ಲ. ಇಲ್ಲಿ ಮಾತ್ರ ಹುಟ್ಟಿ, ಇಲ್ಲಿ ಮಾತ್ರ ಬದುಕಿದ ಒಂದು ಜೀವವನ್ನು ನಮ್ಮ ಕಾಲದಲ್ಲಿ ಇಲ್ಲವಾಗಿಸುವ ಹಕ್ಕು ನಮಗಿಲ್ಲ, ನನಗೆ ಅಷ್ಟೇ ಸಾಕು. ಅದು ಸಾಲದು ಎನ್ನುವವರು ಜಡ್ಡಿಯ ಕೆಳಗಿನ ಊರುಗಳನ್ನು ನೋಡಬಹುದು. ಮರದ ಬೇರು, ಎಲೆಗೊಬ್ಬರ, ಕಪ್ಪು ಮಣ್ಣು ಹಿಡಿದಿಟ್ಟ ಮಳೆಗಾಲದ ನೀರು ನಿಧಾನವಾಗಿ ಬಿಡುಗಡೆಯಾಗುವುದರಿಂದಲೇ ಅಲ್ಲಿ ಏಪ್ರಿಲ್‌ನಲ್ಲೂ ಹಳ್ಳ ಇದೆ. ಕತ್ತಲೆಕಾನಿನಂಥ ಸಣ್ಣ ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಕಪ್ಪೆಗಳಿರುವುದೂ ಇದೇ ತೇವದ ಲೆಕ್ಕದಲ್ಲಿ. ಜಡ್ಡಿ ಆರಿದ ಮೇಲೆ ಕೆಳಗಿನ ತೋಟಕ್ಕೆ ಮಳೆಗಾಲದಲ್ಲಿ ಕೆಂಪು ನೀರಿನ ಹೊಡೆತ, ಬೇಸಿಗೆಯಲ್ಲಿ ಒಣ ಹಳ್ಳ.

ಹಾಗಾದರೆ ಬೇಕಾದದ್ದು ಬಹುಮಟ್ಟಿಗೆ ಪೈಪಿನ ಜಾಗ ಬದಲಿಸುವುದು. ತೋಟದವರು ನೀರು ಬಿಟ್ಟುಕೊಡಬೇಕಾಗಿಲ್ಲ, ಜಡ್ಡಿಯ ಮೇಲೆ ತೆಗೆಯುವ ನೀರನ್ನು ಜಡ್ಡಿ ದಾಟಿದ ಮೇಲೆ ತೆಗೆಯಬೇಕು. ನೀರು ಜಡ್ಡಿಯೊಳಗೆ ಹಾದು ಬಂದರೆ ಒಂದಿಷ್ಟನ್ನು ಮರಗಳು ಕುಡಿಯುತ್ತವೆ, ಉಳಿದದ್ದು ಹೊರಗೆ ಬರುತ್ತದೆ. ತೋಟಕ್ಕೆ ನಿಜವಾಗಿ ನಷ್ಟವಾಗುವುದು ಎತ್ತರ. ಮೇಲಿಂದ ತಾನಾಗಿ ಇಳಿಯುತ್ತಿದ್ದ ನೀರನ್ನು ಇನ್ನು ಪಂಪ್ ಹಚ್ಚಿ ಎತ್ತಬೇಕು, ಇಲ್ಲವೇ ಮಳೆಗಾಲದ ನೀರನ್ನು ಹಿಡಿದಿಡುವ ಕೆರೆಯೊಂದನ್ನು ತೋಟದ ತಲೆಯಲ್ಲಿ ತೋಡಬೇಕು. ಸ್ಪ್ರಿಂಕ್ಲರ್ ಬಿಟ್ಟು ಹನಿ ನೀರಾವರಿಗೆ ಬಂದರೆ ಬೇಕಾಗುವ ನೀರೂ ಇಳಿಯುತ್ತದೆ. ಇದಕ್ಕೆಲ್ಲ ಹಣ ಬೇಕು. ಒಂದು ಅಪರೂಪದ ಮರ ತನ್ನ ಹಳ್ಳದಲ್ಲಿದೆ ಎಂಬ ಕಾರಣಕ್ಕೆ ಆ ಹಣವನ್ನು ಎರಡೆಕರೆ ತೋಟದ ಕುಟುಂಬ ಭರಿಸಲಿ ಎನ್ನುವುದು ಸರಿಯಲ್ಲ.

ಜಡ್ಡಿಗೆ ಕಾನೂನಿನ ಮಾನ್ಯತೆ ಸಿಕ್ಕ ಉದಾಹರಣೆಯೂ ಇದೆ. ಮಹಾರಾಷ್ಟ್ರ ಸರ್ಕಾರ ಸಿಂಧುದುರ್ಗದ ಬಾಂಬರ್ಡೆಯಲ್ಲಿರುವ 2.59 ಹೆಕ್ಟೇರಿನ ರಾಮಪತ್ರೆ ಜಡ್ಡಿಯನ್ನು 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಅಷ್ಟು ಚಿಕ್ಕ ತುಣುಕಿಗೂ ಪ್ರತ್ಯೇಕ ಮಾನ್ಯತೆ ಕೊಡಬಹುದು ಎಂಬುದಕ್ಕೆ ಅದು ದಾಖಲೆ. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ, ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಸಂರಕ್ಷಣೆ, ದಾಖಲಾತಿಯ ಹೊಣೆಯೂ ಇದೆ. ಪಂಚಾಯಿತಿಗಳಲ್ಲಿ ಕಾಗದದ ಮೇಲಿರುವ ಆ ಸಮಿತಿಗಳಿಗೆ ಮೊದಲ ಕೆಲಸವಾಗಿ ತಮ್ಮ ಸೀಮೆಯ ಜಡ್ಡಿ, ಅದಕ್ಕೆ ನೀರು ತರುವ ಹಳ್ಳ, ಹಳ್ಳದ ಮೇಲಿನ ಪ್ರತಿ ಪೈಪು, ಗಂಡು ಮರ ಎಷ್ಟು, ಹೆಣ್ಣು ಮರ ಎಷ್ಟು ಎಂಬ ನಕ್ಷೆ ಮಾಡಲು ಹೇಳಬೇಕು. ನೀರಿನ ಪಾಳಿಯನ್ನು ಊರಿನವರೇ ಕೂತು ಮಾತಾಡಿ ಗೊತ್ತುಮಾಡಿಕೊಳ್ಳುವುದು ಮಲೆನಾಡಿಗೆ ಹೊಸದಲ್ಲ. ಆ ಪಾಳಿಯಲ್ಲಿ ಜಡ್ಡಿಯನ್ನೂ ಒಬ್ಬ ಹಕ್ಕುದಾರನಾಗಿ ಸೇರಿಸಬೇಕಾದದ್ದು ಮಾತ್ರ ಹೊಸತು.

ಹಣ ಎಲ್ಲಿಂದ ಎಂದರೆ, ಕಾಡು ಕಡಿದ ಯೋಜನೆಗಳಿಂದ ವಸೂಲಾಗುವ ಪರಿಹಾರ ಅರಣ್ಯೀಕರಣದ ನಿಧಿ 2016ರ ಕಾಯಿದೆಯಡಿ ರಾಜ್ಯಗಳಿಗೆ ಬರುತ್ತಿದೆ. ಅದರ ದೊಡ್ಡ ಪಾಲು ಸಸಿ ನೆಡುವುದಕ್ಕೇ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಜಡ್ಡಿಗಳಿಗೆ ಎತ್ತಿಟ್ಟು ಪೈಪ್ ಕೆಳಗಿಳಿಸಲು ಒಪ್ಪಿದ ತೋಟದವರಿಗೆ ಪಂಪು, ಕೆರೆ, ಹನಿ ನೀರಾವರಿ, ಜತೆಗೆ ಹೆಚ್ಚುವರಿ ವಿದ್ಯುತ್ತಿನ ವೆಚ್ಚ ಕೊಡಲಿ. ಶರಾವತಿ ಸಿಂಗಳೀಕ ಅಭಯಾರಣ್ಯದ ನಿರ್ವಹಣಾ ಯೋಜನೆಯಲ್ಲಿ ಪ್ರತಿ ಜಡ್ಡಿಗೆ ಏಪ್ರಿಲ್ ತಿಂಗಳಲ್ಲಿ ಕನಿಷ್ಠ ಎಷ್ಟು ನೀರು ಒಳಬರಬೇಕು ಎಂಬ ಅಂಕಿಯನ್ನು ಬರೆಯಲಿ, ವರ್ಷವರ್ಷ ಅಳೆಯಲಿ, ಅಳತೆಯ ಕೆಲಸಕ್ಕೆ ಆ ಹಳ್ಳದ ದಂಡೆಯ ಮನೆಯವರನ್ನೇ ಸಂಬಳ ಕೊಟ್ಟು ನೇಮಿಸಲಿ. ಅಂಕಿ ಇಳಿದ ವರ್ಷ ಕಾರಣ ಹುಡುಕಿ ಆ ಬೇಸಿಗೆಯಲ್ಲೇ ಸರಿಪಡಿಸಬೇಕು. ಶಿರಸಿಯಲ್ಲಿ ಕಷ್ಟಪಟ್ಟು ಮೊಳಕೆಯೊಡೆಸಿದ ಸಸಿ ಕಾಯಬಲ್ಲದ್ದು ಒಂದೇ ಬೇಸಿಗೆ.